ಒಂದು ಸೀಸೆ, ಒಂದು ಕೂಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಇವು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ ಈ ಸೀಮೆಯ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಸುಗ್ಗಿ ಮುಗಿಯಿತೆಂದರೆ ತಾಂಡಾಗಳ ಅನೇಕ ಕುಟುಂಬಗಳು ಕಬ್ಬು ಕಡಿಯಲೆಂದು, ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿಯಲೆಂದು ಗುಳೆ ಹೊರಡುತ್ತವೆ. ಇಲ್ಲಿನ ಸರ್ಕಾರಿ ಆಸ್ಪತ್ರೆಯ ದಾದಿಗೆ ಈ ಸಂಗತಿಯ ಅರಿವು ಔಷಧಗಳ ಅರಿವಿನಷ್ಟೇ ಅಗತ್ಯ.

ಏಕೆಂಬುದನ್ನು ಒಂದು ಪುಟ್ಟ ಸೀಸೆಯೇ ತಿಳಿಸುತ್ತದೆ. ಶಿಶುಗಳನ್ನು ಉಗ್ರಸ್ವರೂಪದ ಕ್ಷಯದಿಂದ ಕಾಪಾಡುವ ಬಿ.ಸಿ.ಜಿ. ಲಸಿಕೆಯು ಒಣಪುಡಿಯ ರೂಪದಲ್ಲಿರುತ್ತದೆ. ಒಂದು ಸೀಸೆಯಲ್ಲಿರುವುದು 10 ಶಿಶುಗಳಿಗೆ ಆಗುವಷ್ಟು ಮದ್ದು. ದ್ರಾವಣ ಬೆರೆಸಿದ ಮೇಲೆ ಅದನ್ನು 4 ಗಂಟೆಗಳೊಳಗೆ ಬಳಸಬೇಕು. ಒಂದೇ ಮಗು ಬಂದಿದ್ದರೂ ಸೀಸೆಯನ್ನು ತೆರೆಯಬೇಕೆಂಬುದು ಸರ್ಕಾರದ ಸೂಚನೆ. ಲಸಿಕೆ ಪೋಲಾಗದಂತೆ ನೋಡಿಕೊಳ್ಳಬೇಕು, ಪೋಲಾದುದಕ್ಕೆ ಲೆಕ್ಕ ಕೊಡಬೇಕು ಎಂಬುದೂ ಸರ್ಕಾರದ್ದೇ ಸೂಚನೆ! ಈ ಎರಡರ ನಡುವೆ ನಿಂತವಳು ದಾದಿ.

ಪೇಟೆಯಲ್ಲೇ ಮನೆಯಿರುವ ತಾಯಿಗೆ 'ಲಸಿಕೆಯ ದಿನ ಬಾ' ಎಂದರೆ ಹೆಚ್ಚಿನ ತೊಂದರೆಯಿಲ್ಲವೆಂದು ಆಕೆಗೆ ತೋರಬಹುದು. ಆದರೆ ನಾಳೆಯೇ ಲಾರಿ ಹತ್ತಲಿರುವವಳ ಕೂಸನ್ನು ಹಾಗೆಯೇ ಕಳುಹಿಸಿದರೆ ಅದು ಮರಳಿ ಬರುವುದು ಎಷ್ಟು ತಿಂಗಳ ಅನಂತರವೋ! ಯಾವ ತಾಯಿ ಎಲ್ಲಿಯವಳೆಂದು ಸುತ್ತೋಲೆಯಲ್ಲಿ ಬರೆದಿರುವುದಿಲ್ಲ. "ಯಾವೂರವ್ವಾ ನಿಂದು? ಮುಂದಿನ ವಾರ ಊರಾಗ ಇರ್ತೀಯೇನು?" ಎಂದು ಕೇಳುವ ದಾದಿಗಷ್ಟೇ ಅದು ತಿಳಿಯುತ್ತದೆ.

ಅಮೆರಿಕದ ವಿದ್ವಾಂಸ ಮೈಕೇಲ್ ಲಿಪ್ಸ್ಕಿ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನೇ ವಿಚಾರಿಸಿದನು. ಶಿಕ್ಷಕರು, ಪೊಲೀಸರು ಮೊದಲಾಗಿ ಜನರನ್ನು ಮುಖಾಮುಖಿ ಕಾಣುವ ನೌಕರರು ದಿನದಿನವೂ ಕೈಗೊಳ್ಳುವ ತೀರ್ಮಾನಗಳೇ ಜನರ ಪಾಲಿಗೆ ಸರ್ಕಾರದ ನೀತಿಯಾಗುತ್ತವೆ ಎಂಬುದು ಅವನ ವಾದ.

ಹೆರಿಗೆಯ ಕೋಣೆಯಲ್ಲಿಯೂ ಇಂಥ ಇಕ್ಕಟ್ಟು ಉಂಟು. ಬಾಣಂತಿಯು 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿರಬೇಕೆಂಬ ನಿಯಮ ಅರ್ಥವಿಲ್ಲದುದಲ್ಲ. ರಕ್ತಸ್ರಾವದ ಅಪಾಯವು ಮೊದಲ 24 ಗಂಟೆಗಳಲ್ಲಿಯೇ ಅತ್ಯಧಿಕ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಊಟ, ಔಷಧಗಳೂ ಉಚಿತ. ಆದರೂ, "ಮನ್ಯಾಗ ಸಣ್ಣ ಮಕ್ಕಳದಾವ್ರಿ ಸಿಸ್ಟರಮ್ಮಾ, ನೋಡಾಕ ಯಾರೂ ಇಲ್ಲ" ಎಂದು ಬಾಣಂತಿ ಕಣ್ಣೀರಿಟ್ಟರೆ ನಿಯಮದ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಗದರಿಸಿ ಮಲಗಿಸುವುದು ಸುಲಭ. ಹಾಗೆ ಗದರಿಸಿಕೊಂಡವಳು ಮುಂದಿನ ಹೆರಿಗೆಗೆ ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯದಿರಬಹುದು. ಅನುಭವವುಳ್ಳ ದಾದಿ ಮೊದಲು ರಕ್ತಸ್ರಾವವನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸುತ್ತಾಳೆ. ಕೂಸು ಮೊಲೆಯುಣ್ಣುವುದನ್ನು ಕಣ್ಣಾರೆ ನೋಡುತ್ತಾಳೆ. ವೈದ್ಯರಿಗೆ ವಿಷಯ ತಿಳಿಸುತ್ತಾಳೆ. ಅಪಾಯದ ಸುಳಿವಿದ್ದರೆ, ಮನೆಯ ಮಕ್ಕಳನ್ನು ನೋಡಿಕೊಳ್ಳಲು ನೆರೆಯವರನ್ನು ಒಪ್ಪಿಸುವಂತೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಕಳುಹಿಸಿ, ಬಾಣಂತಿಯನ್ನು ಉಳಿಸಿಕೊಳ್ಳುತ್ತಾಳೆ. ಸುಳಿವಿಲ್ಲದೆ ವೈದ್ಯರು ಒಪ್ಪಿದರೆ, 3ನೆಯ ದಿನದ ಮನೆಭೇಟಿ ತಪ್ಪಬಾರದೆಂದು ಅದೇ ಆಶಾ ಕಾರ್ಯಕರ್ತೆಗೆ ಎಚ್ಚರಿಕೆ ಹೇಳುತ್ತಾಳೆ.

ಆದರೆ ವಿವೇಚನೆಗೆ ಎಡೆಯೇ ಇಲ್ಲದ ನಿಯಮಗಳೂ ಇವೆ. ಆ ಸೀಸೆಯ 4 ಗಂಟೆಗಳ ಗಡಿ ಅಂಥದು. ಬೆರೆಸಿದ ಬಿ.ಸಿ.ಜಿ., ದಡಾರ ಲಸಿಕೆಗಳಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ರಕ್ಷಕ ದ್ರವ್ಯವಿರುವುದಿಲ್ಲ. 2017ರಲ್ಲಿ ದಕ್ಷಿಣ ಸುಡಾನ್ ದೇಶದಲ್ಲಿ ದಡಾರ ಲಸಿಕೆಯನ್ನು ಶೀತಲೀಕರಣವಿಲ್ಲದೆ ಇಟ್ಟುಕೊಂಡು, ಒಂದೇ ಸಿರಿಂಜನ್ನು ಹಲವರಿಗೆ ಬಳಸಿದುದರಿಂದ 15 ಮಕ್ಕಳು ಅಸುನೀಗಿದರು. ಆದುದರಿಂದ ಮದ್ದು ಎಷ್ಟೇ ಉಳಿದಿದ್ದರೂ ನಾಳೆಗೆಂದು ಎತ್ತಿಡುವಂತಿಲ್ಲ.

ದಾದಿ ಸೀಸೆಯ ಮೇಲೆ ತೆರೆದ ವೇಳೆಯನ್ನು ಬರೆಯುತ್ತಾಳೆ. ಗುಳೆ ಹೊರಟವಳ ಕೂಸಿನ ಎಡತೋಳಿಗೆ ಚುಚ್ಚಿ, ಲಸಿಕೆಯ ಚೀಟಿಯನ್ನು ಜೋಪಾನವಾಗಿಡುವಂತೆ ತಾಯಿಗೆ ಎರಡೆರಡು ಸಲ ಹೇಳುತ್ತಾಳೆ. ಸಂಜೆ ದಾಖಲೆಯ ಪುಸ್ತಕ ತೆರೆದು ಬರೆಯುತ್ತಾಳೆ: ಸೀಸೆ 1, ಶಿಶು 1, ಪೋಲಾದುದು 9.