ಹಳೆಯ ಪಿಕಪ್ಪಿನ ಗೇರು ಪೆಟ್ಟಿಗೆಯನ್ನು ಬಿಚ್ಚಿಸುವ ಮೊದಲು

ಕೊಯಮತ್ತೂರಿನಿಂದ ತಿರುಚ್ಚಿಗೆ ಹೋಗುವ ರಸ್ತೆಯಲ್ಲಿರುವ ಸೂಲೂರಿನ ಸುತ್ತಿನ ತೆಂಗಿನ ತೋಟಗಳಲ್ಲಿ ಹಳೆಯ ಫೋರ್ ವೀಲ್ ಜೀಪು, ಪಿಕಪ್ಪುಗಳು ಇನ್ನೂ ದುಡಿಯುತ್ತಿವೆ. ಹಿಂಗಾರು ಮಳೆ ಹಿಡಿದಾಗ ತೋಟದ ಕೆಸರಿನಿಂದ ಕಾಯಿಯ ಹೊರೆಯನ್ನು ಎಳೆದು ತರುವುದಕ್ಕೆ ಇವುಗಳಷ್ಟು ಉಪಯುಕ್ತವಾದ ಗಾಡಿ ಬೇರೊಂದಿಲ್ಲ. ಆದರೆ ಇವು ಕೆಟ್ಟಾಗ ಒಕ್ಕಲಿಗನು ಸುಮ್ಮನೆ ಹಣ ಕಳೆದುಕೊಳ್ಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಒಂದು ಸಂಗತಿಯನ್ನು ಹೇಳುತ್ತೇವೆ. ಅಲ್ಲಿನ ಒಬ್ಬ ರೈತರು ಕೆಸರಿನಲ್ಲಿ ಫೋರ್ ವೀಲ್ ಹಾಕಿ ಗಾಡಿಯನ್ನು ಮೇಲೆತ್ತಿದರು. ತೆಗೆಯುವುದನ್ನು ಮರೆತು ಟಾರು ರಸ್ತೆಯಲ್ಲಿ ಊರಿನವರೆಗೂ ಓಡಿಸಿಬಿಟ್ಟರು. ಆಮೇಲೆ ಲಿವರನ್ನು ಎಷ್ಟು ಎಳೆದರೂ ಬರಲೊಲ್ಲದು. ಸ್ಟಿಯರಿಂಗ್ ಬಿಗಿ, ತಿರುವಿನಲ್ಲಿ ಗಾಡಿ ತಡೆದು ತಡೆದು ಜಗ್ಗುತ್ತಿತ್ತು. ಗೇರು ಪೆಟ್ಟಿಗೆಯನ್ನೇ ಇಳಿಸಬೇಕೆಂದು ಯಾರೋ ಹೇಳಿ ದೊಡ್ಡ ಮೊತ್ತದ ಲೆಕ್ಕವನ್ನೂ ಕೊಟ್ಟಿದ್ದರು. ನಾವು ಗಾಡಿಯನ್ನು ಸಡಿಲ ಮಣ್ಣಿನ ಮೇಲೆ ತಂದು, ಹತ್ತು ಹನ್ನೆರಡು ಗಜ ರಿವರ್ಸಿನಲ್ಲಿ ನೇರವಾಗಿ ಓಡಿಸಿ, ಕ್ಲಚ್ಚು ಒತ್ತಿ ಲಿವರನ್ನು ಎಳೆದೆವು. ಬೆರಳಿಗೇ ಬಂದುಬಿಟ್ಟಿತು!

ಇದರ ಕಾರಣವನ್ನು ತಿಳಿದಿರಬೇಕು. ಗೇರು ಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆ ಉಂಟು. ಫೋರ್ ವೀಲ್ ಹಾಕಿದೊಡನೆ ಅದು ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಬಿಗಿದುಬಿಡುತ್ತದೆ. ಎರಡೂ ಸಮನಾಗಿ ತಿರುಗಲೇಬೇಕು. ಆದರೆ ಗಾಡಿ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಒಣ ಟಾರಿನಲ್ಲಿ ಜಾರಲು ಎಡೆಯಿಲ್ಲದೆ, ಹಗ್ಗಕ್ಕೆ ಹುರಿ ಏರಿದಂತೆ ಶಾಫ್ಟುಗಳಲ್ಲಿ ಬಿಗಿ ಏರುತ್ತದೆ. ಹೀಗೆಯೇ ಓಡಿಸುತ್ತ ಹೋದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಹಲ್ಲುಚಕ್ರಗಳು ನಿಜವಾಗಿಯೂ ಮುರಿಯುತ್ತವೆ. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಹಾಕುವುದೂ ಇದೇ ತೊಂದರೆಗೆ ದಾರಿ. ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲಿಯೂ ಬಿಗಿ ಏರುತ್ತದೆ.

ಇನ್ನು ಗೇರಿನ ವಿಷಯ. ಗೇರು ಹಾಕುವಾಗ ಕರಕರ ಶಬ್ದವಾದರೆ ತಪ್ಪು ಗೇರಿನದೇ ಎಂದು ತಿಳಿಯಕೂಡದು. ಎಷ್ಟೋ ಸಲ ಅದು ಕ್ಲಚ್ಚಿನದು. ಎಂಜಿನ್ ನಿಧಾನವಾಗಿ ಓಡುತ್ತಿರಲಿ. ಕ್ಲಚ್ಚನ್ನು ಪೂರ್ತಿ ಒತ್ತಿ ಐದಾರು ಸೆಕೆಂಡು ಕಾದು ರಿವರ್ಸ್ ಹಾಕಿ ನೋಡಿ. ಆಗಲೂ ಹಲ್ಲು ಕಡಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಕೇಬಲ್ಲು, ಕಡ್ಡಿ ಇಲ್ಲವೆ ಕ್ಲಚ್ ಆಯಿಲನ್ನು ಮೊದಲು ನೋಡತಕ್ಕದ್ದು. ಕಡ್ಡಿಯ ಕ್ಲಚ್ಚಿರುವ ಹಳೆಯ ಜೀಪುಗಳಲ್ಲಿ ಪೆಡಲಿಗೆ ಸುಮಾರು ಒಂದು ಅಂಗುಲ ಸಡಿಲ ಇರಬೇಕು. ಬಹಳ ಹಳೆಯ ಮೂರು ಗೇರಿನ ಜೀಪುಗಳಲ್ಲಿ ಒಂದನೆಯ ಗೇರಿಗೆ ಸಿಂಕ್ರೊ ಉಂಗುರವೇ ಇಲ್ಲ; ಓಡುವಾಗ ಅದು ಕಡಿಯುವುದು ಸಹಜ, ರೋಗವಲ್ಲ.

ಶಬ್ದವನ್ನು ಕಿವಿಗೊಟ್ಟು ಕೇಳಿ. ನ್ಯೂಟ್ರಲಿನಲ್ಲಿ ಬರುವ ಮೊರೆತ ಕ್ಲಚ್ಚು ಒತ್ತಿದೊಡನೆ ನಿಂತರೆ ಗೇರು ಪೆಟ್ಟಿಗೆಯ ಮುಂದಿನ ಬೇರಿಂಗನ್ನು ಸಂಶಯಿಸಬೇಕು. ಒತ್ತಿದಾಗಲೇ ಶಬ್ದ ಹುಟ್ಟಿದರೆ ರಿಲೀಸ್ ಬೇರಿಂಗು. ಸೂಲೂರಿನ ಪಕ್ಕದ ಕಲಂಗಲ್‌ನಲ್ಲಿ 1893ರಲ್ಲಿ ಹುಟ್ಟಿದ ಜಿ. ಡಿ. ನಾಯ್ಡು ಅವರು 1920ರಲ್ಲಿ ಒಂದೇ ಬಸ್ಸಿನಿಂದ ಸಾರಿಗೆ ಆರಂಭಿಸಿದವರು; ಆ ಸೀಮೆಯಲ್ಲಿ ಲೇತಿಗೂ ಕೈಗಾರರಿಗೂ ಇಂದಿಗೂ ಬರವಿಲ್ಲ. ಆದರೆ ಮಾಲೀಕನು ಗುಣವನ್ನು ಸರಿಯಾಗಿ ಹೇಳಬಲ್ಲವನಾದರೆ ಮೆಕ್ಯಾನಿಕ್ಕಿಗೂ ಕೆಲಸ ಸುಲಭ.

ಆಯಿಲನ್ನು ಎರಡು ಪೆಟ್ಟಿಗೆಯಲ್ಲಿಯೂ ಬೇರೆ ಬೇರೆಯಾಗಿ ನೋಡಬೇಕು. ಹಳೆಯ ಜೀಪುಗಳಲ್ಲಿ ನಡುವಿನ ಸೀಲು ಸವೆದು ಒಂದರ ಆಯಿಲು ಇನ್ನೊಂದಕ್ಕೆ ಹೋಗುವುದುಂಟು. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುವ ಪೆಟ್ಟಿಗೆಗೆ ಜಿಎಲ್-4 ಕ್ಷೇಮ. ಜಿಎಲ್-5ರಲ್ಲಿರುವ ಗಂಧಕದ ಮಿಶ್ರಣ ಹಿತ್ತಾಳೆಯನ್ನು ತಿನ್ನಬಹುದು. ಆಯಿಲು ಇಳಿಸಿದಾಗ ಬೂದು ಬಣ್ಣದ ನುಣ್ಣನೆಯ ಕೆಸರು ಕಂಡರೆ ಭಯವಿಲ್ಲ. ಕಬ್ಬಿಣದ ಚೂರು ಕಂಡರೆ ಮಾತ್ರ ಬಿಚ್ಚಿಸಲೇಬೇಕು.

ಗೇರು ತಾನಾಗಿ ಕಳಚಿಕೊಳ್ಳುವುದನ್ನು ಅಲಕ್ಷ್ಯ ಮಾಡಕೂಡದು. ಹಾಸನೂರಿನ ಕಡೆಯಿಂದ ತರಕಾರಿ ಹೊತ್ತು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವಾಗ ಎರಡನೆಯ ಗೇರು ಕಳಚಿದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕೆಲವರು ಲಿವರನ್ನು ಕೈಯಿಂದ ಒತ್ತಿ ಹಿಡಿದೇ ಓಡಿಸುತ್ತಾರೆ. ಅದರಿಂದ ಒಳಗಿನ ಫೋರ್ಕು ಸವೆಯುವುದೇ ಹೊರತು ಲಾಭವಿಲ್ಲ. ಮೊದಲು ಪೆಟ್ಟಿಗೆಯ ಕೆಳಗಿನ ರಬ್ಬರು ಹರಿದಿದೆಯೋ, ಬೋಲ್ಟು ಸಡಿಲವೋ ನೋಡಿ. ಆಮೇಲೆ ಗೇರನ್ನು ಹಿಡಿದು ನಿಲ್ಲಿಸುವ ಚಿಕ್ಕ ಸ್ಪ್ರಿಂಗು, ಗುಂಡುಗಳನ್ನು ನೋಡಿಸಿ. ಇವು ಕಡಿಮೆ ಬೆಲೆಯವು. ಇವೆಲ್ಲ ಸರಿಯಿದ್ದರೆ ಮಾತ್ರ ಹಲ್ಲು, ಬೇರಿಂಗುಗಳ ಸವೆತವೆಂದು ತಿಳಿದು ಪೆಟ್ಟಿಗೆ ಇಳಿಸಬೇಕು.

ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಒಂದು ಮಾತು. ಅನೇಕ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ, ಎರಡನೆಯ ಪೆಟ್ಟಿಗೆಯ ಹಿಂಬದಿಯಲ್ಲಿದೆ. ಅಲ್ಲಿನ ಸೀಲು ಸೋರಿದರೆ ಬ್ರೇಕಿಗೇ ಆಯಿಲು ಬಳಿದಂತಾಗುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿದ ಕ್ಷಣವೇ ಹ್ಯಾಂಡ್ ಬ್ರೇಕೂ ಇಲ್ಲ, ಗೇರಿನ ತಡೆಯೂ ಇಲ್ಲ, ಗಾಡಿ ಉರುಳುತ್ತದೆ. ಎರಡನೆಯ ಪೆಟ್ಟಿಗೆ ನ್ಯೂಟ್ರಲಿನಲ್ಲಿದ್ದರೂ ಗೇರು ಹಾಕಿ ನಿಲ್ಲಿಸಿದ್ದು ಪ್ರಯೋಜನಕ್ಕೆ ಬಾರದು. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟೇ ಸ್ಪ್ಯಾನರು ಹಿಡಿಯಬೇಕು. ಶಾಫ್ಟಿನ ಜಾರುವ ಭಾಗವನ್ನು ಬೇರ್ಪಡಿಸುವ ಮೊದಲು ಎರಡೂ ತುಂಡುಗಳಿಗೆ ಬಣ್ಣದ ಗುರುತು ಹಾಕಿ, ಅದೇ ಗುರುತಿಗೆ ಕೂಡಿಸಿ. ತಪ್ಪಿದರೆ ಹೊಸ ಕ್ರಾಸು ಹಾಕಿಸಿದರೂ ಗಾಡಿ ನಡುಗುವುದು ನಿಲ್ಲುವುದಿಲ್ಲ.