ಸವಾರನನ್ನು ಕೆಡವುವ ಕುದುರೆ: ಕಾರಣ ಮತ್ತು ಉಪಾಯ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಭಕ್ತರಲ್ಲಿ ಜಾತ್ರೆಯ ಮೆರವಣಿಗೆಗೆ, ಮದುವೆಯ ವರನ ಸವಾರಿಗೆ ಕುದುರೆ ಸಾಕಿದವರು ಇಂದಿಗೂ ಇದ್ದಾರೆ. ಅಂಥವರಿಗಾಗಿ ಈ ಲೇಖನ. ಇದನ್ನು ಬರೆಯಲು ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ ಕಾರಣವಾಯಿತು.

ನನ್ನ ಅಕ್ಕನ ಮಗ ಎರಡು ವರ್ಷ ನಿರಾತಂಕವಾಗಿ ಹತ್ತಿ ತಿರುಗಿದ ಕುದುರೆ ಒಂದು ದಿನ ಅವನನ್ನು ಎತ್ತಿ ಒಗೆಯಿತು. ಭುಜದ ಹತ್ತಿರದ ಎಲುಬು ಮುರಿಯಿತು. ಎಂಟು ದಿನಗಳ ಹಿಂದೆಯೂ ಇದೇ ರೀತಿ ಕೆಡವಿತ್ತಂತೆ, ಹುಡುಗ ಮನೆಯಲ್ಲಿ ಹೇಳಿರಲಿಲ್ಲ. ಕೆಲವರು ಹೊಡೆದು ಹಾದಿಗೆ ತನ್ನಿರಿ ಅಂದರು, ಕೆಲವರು ಮಾರಿಬಿಡಿ ಅಂದರು. ಲೆಕ್ಕದ ಮನುಷ್ಯನಾದ ನಾನು ಮಾರುವುದೇ ಲೇಸೆಂದು ಗಿರಾಕಿಯನ್ನೂ ಗೊತ್ತು ಮಾಡಿದೆ. ಆದರೆ ಪಶುವೈದ್ಯರು ಬಂದು ಬೆನ್ನಿನ ಮೇಲೆ ಬೆರಳು ಒತ್ತಿದೊಡನೆ ಕುದುರೆ ಮೈ ನಡುಗಿಸಿ ಕೆಳಗೆ ಕುಗ್ಗಿತು. ಹೆಗಲಿನ ಹಿಂದೆ, ಜೀನಿನ ಅಡಿಯಲ್ಲಿ, ಕೂದಲಿನೊಳಗೆ ಹುಣ್ಣು ಆಗಿತ್ತು. ಆ ಜೀನನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದುಕೊಟ್ಟವನು ನಾನೇ.

ಕುದುರೆ ಕೆಡವುವ ರೀತಿ ಹೀಗೆ: ತಲೆಯನ್ನು ಮುಂಗಾಲುಗಳ ನಡುವೆ ಇಳಿಸುತ್ತದೆ, ಬೆನ್ನನ್ನು ಕಮಾನಿನಂತೆ ಬಾಗಿಸುತ್ತದೆ, ಹಿಂಗಾಲೆರಡನ್ನೂ ಒಮ್ಮೆಲೇ ಹಿಂದಕ್ಕೆ ಝಾಡಿಸುತ್ತದೆ. ತಲೆ ಇಳಿಸದೆ ಹಿಂಭಾಗವನ್ನು ಜೋರಾಗಿ ಎತ್ತುವುದು ಅದಕ್ಕೆ ಕಠಿಣ. ಉಪಾಯದ ಬೇರು ಇಲ್ಲಿಯೇ ಇದೆ. ಮುಂಗಾಲೆತ್ತಿ ನೆಟ್ಟಗೆ ನಿಲ್ಲುವುದು ಬೇರೆ ದೋಷ. ಅಲ್ಲಿ ಲಗಾಮು ಸಡಿಲಿಸಿ ಮುಂದಕ್ಕೆ ಬಾಗಬೇಕು. ಎರಡಕ್ಕೂ ಒಂದೇ ಔಷಧ ಮಾಡಿದರೆ ಪ್ರಾಣಕ್ಕೆ ಅಪಾಯ.

ಕಾರಣಗಳಲ್ಲಿ ಮೊದಲು ನೋಡತಕ್ಕದ್ದು ನೋವು. ಶಾಂತವಾಗಿದ್ದ ಕುದುರೆ ಏಕಾಏಕಿ ಕೆಡವಲು ಆರಂಭಿಸಿದರೆ ಅದರ ಸ್ವಭಾವವನ್ನು ಬೈಯುವ ಮೊದಲು ಬೆನ್ನು, ಬಾಯಿ, ಕಾಲುಗಳನ್ನು ತೋರಿಸಿರಿ. ಹಲ್ಲು ಚೂಪಾಗಿ ಕೆನ್ನೆ ಕೊಯ್ದಿದ್ದರೂ, ಕಡಿವಾಣ ಒತ್ತಿದರೂ ಅದು ಹೀಗೆ ಮಾಡೀತು. ಜೀನಿನ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಜೀನು ಬೆನ್ನುಹುರಿಯ ಮೇಲೆ ಕೂರಬಾರದು. ಸವಾರ ಕುಳಿತಾಗಲೂ ನಡುವಿನಲ್ಲಿ ಗಾಳಿಯಾಡುವ ಸಂದು ಉಳಿಯಬೇಕು. ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತು ಎರಡೂ ಬದಿ ಸಮನಾಗಿರಬೇಕು. ಒದ್ದೆಯ ನಡುವೆ ಅಂಗೈಯಗಲ ಒಣ ಜಾಗ ಕಂಡರೆ ಅಲ್ಲಿ ಒತ್ತಡ ಹೆಚ್ಚಾಗಿರಬಹುದು. ಕಪ್ಪು ಅಥವಾ ಕಂದು ಕುದುರೆಯ ಬೆನ್ನಿನಲ್ಲಿ ಜೀನು ಕೂರುವಲ್ಲಿ ಬಿಳಿಗೂದಲ ಮಚ್ಚೆ ಇದ್ದರೆ ಅದು ಹಳೆಯ ಹುಣ್ಣಿನ ಸಾಕ್ಷಿ. ಅಕಲೂಜದ ಬಜಾರಕ್ಕೆ ಹೋಗುವವರು ಇದನ್ನು ಮರೆಯಬಾರದು. ಮಾರುವವನೇ ಮೊದಲು ಹತ್ತಿ ತೋರಿಸಲಿ.

ಹೊಟ್ಟೆಯ ಪಟ್ಟಿಯನ್ನು ಒಂದೇ ಸಲ ಬಿಗಿಯಬಾರದು. ಸ್ವಲ್ಪ ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಹತ್ತುವ ಮೊದಲು ಮತ್ತೊಮ್ಮೆ ಬಿಗಿಯಿರಿ.

ಎರಡನೆಯ ಕಾರಣ ದಾಣಿ. ಮದುವೆಯ ಹಂಗಾಮು ಮುಗಿದು ತಿಂಗಳುಗಟ್ಟಲೆ ಕಟ್ಟಿಹಾಕಿದ ಕುದುರೆಗೆ ಕೆಲಸದ ದಿನದಷ್ಟೇ ಹುರುಳಿ, ಕಡಲೆ ತಿನ್ನಿಸುತ್ತ ಹೋದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ರಜೆಯ ದಿನ ದಾಣಿ ತಗ್ಗಿಸಿ ಮೇವು ಹೆಚ್ಚಿಸಬೇಕು. ಇದು ಬರೀ ಚೇಷ್ಟೆಯ ಮಾತಲ್ಲ. ಪೂರ್ತಿ ದಾಣಿ ತಿಂದು ನಿಂತ ಕುದುರೆಯನ್ನು ಮರುದಿನ ದುಡಿಸಿದರೆ ಸ್ನಾಯು ಬಿಗಿದು, ಬೆವರಿ, ಮೂತ್ರ ಚಹದ ಬಣ್ಣಕ್ಕೆ ತಿರುಗುವ ರೋಗವೇ ಉಂಟು. ಆಗ ನಡೆಸದೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ಇನ್ನು ಹೆದರಿಕೆ. ಕುದುರೆಯ ಕಣ್ಣು ಪಕ್ಕಕ್ಕಿರುವುದರಿಂದ ಸುತ್ತಲೂ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಕಾಣುವುದಿಲ್ಲ. ಬ್ಯಾಂಡಿನವರು, ಪಟಾಕಿ ಹಚ್ಚುವವರು ಬಹುಶಃ ಅಲ್ಲಿಯೇ ನಿಂತಿರುತ್ತಾರೆ!

ಮೇಲೆ ಕುಳಿತಾಗ ಬೆನ್ನು ಬಿರುಸಾಗಿ ಉಬ್ಬಿದರೆ, ಬಾಲ ಬೀಸಿದರೆ, ತಲೆ ಇಳಿಯತೊಡಗಿದರೆ ತಡಮಾಡಬೇಡಿರಿ. ಎರಡೂ ಲಗಾಮು ಜಗ್ಗಿ ಹಿಡಿದರೆ ಕುದುರೆ ಅದಕ್ಕೇ ಆತುಕೊಂಡು ಬಲ ಮಾಡುತ್ತದೆ. ಒಂದೇ ಲಗಾಮನ್ನು ಗಿಡ್ಡ ಮಾಡಿ ತಲೆಯನ್ನು ಮೇಲಕ್ಕೂ ಪಕ್ಕಕ್ಕೂ ತಂದು, ಸಣ್ಣ ಸುತ್ತಿನಲ್ಲಿ ತಿರುಗಿಸಿರಿ. ಓಡುತ್ತಿರುವಾಗ ಥಟ್ಟನೆ ತಿರುಗಿಸಿದರೆ ಕುದುರೆಯೇ ಉರುಳೀತು. ಮೆಲ್ಲಗೆ ಸುತ್ತು ಕಿರಿದು ಮಾಡಬೇಕು. ಮೈ ತುಸು ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ, ದೃಷ್ಟಿ ಎದುರಿಗೆ. ಕೆಳಗೆ ನೋಡಿದವನು ಕೆಳಗೇ ಹೋಗುತ್ತಾನೆ.

ಬೀಳುವುದು ಖಚಿತವಾದರೆ ರಿಕಾಬಿನಿಂದ ಕಾಲು ಬಿಡಿಸಿ, ಲಗಾಮು ಕೈಬಿಟ್ಟು, ಕುದುರೆಯಿಂದ ದೂರ ಉರುಳಬೇಕು. ಚಪ್ಪಲಿ ರಿಕಾಬಿನೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯುಳ್ಳ ಬೂಟು ಬೇಕು. ಸವಾರಿಯ ಹೆಲ್ಮೆಟ್ ಕೂಡ ಬೇಕು, ಹಿರಿಯರು ನಕ್ಕರೂ ಸರಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಬಂದರೆ ಮನೆಮದ್ದು ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಲದ್ದಿ ಬಿದ್ದ ನೆಲದಲ್ಲಿ ಗಾಯವಾದರೆ ಧನುರ್ವಾತದ ಸೂಜಿಯ ವಿಚಾರ ಮರೆಯಬಾರದು.

ಬಿದ್ದೊಡನೆ ಮತ್ತೆ ಹತ್ತಬೇಕೆಂಬ ಮಾತಿದೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೆಡವಿದೊಡನೆ ಕೊಟ್ಟಿಗೆಗೆ ಒಯ್ದು ಮೇವು ಹಾಕಿದರೆ ಕೆಡವಿದರೆ ಕೆಲಸ ತಪ್ಪುತ್ತದೆಂದು ಕುದುರೆ ಕಲಿಯುವುದು ನಿಜ. ಅದಕ್ಕೆ ಯಾರಾದರೂ ಹಗ್ಗ ಹಿಡಿದು ಹತ್ತು ನಿಮಿಷ ನಡೆಸಿದರೆ ಸಾಕು. ನೋವಿರುವ ಬೆನ್ನಿನ ಮೇಲೆ ಮತ್ತೆ ಕುಳಿತು ಏನು ಕಲಿಸಿದಂತಾಯಿತು? ಹೊಡೆಯುವುದಂತೂ ಬೇಡ. ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಬಾರದೆಂದು ಗ್ರೀಕರ ಝೆನೊಫೋನ್ ಸುಮಾರು 2,400 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ನಮ್ಮ ಕುದುರೆಯ ಹುಣ್ಣು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಆ ಮೇಲೆ ಹದಿನೈದು ದಿನ ಬರಿ ಬೆನ್ನಿನಲ್ಲಿ ಉದ್ದ ಹಗ್ಗ ಕಟ್ಟಿ ಸುತ್ತು ತಿರುಗಿಸಿ, ನಂತರ ಬೇರೆ ಜೀನು ಹೊರಿಸಿ ನಡೆಸಿ, ಕೊನೆಗೆ ಸವಾರನನ್ನು ಕೂರಿಸಿದೆವು. ಗಿರಾಕಿಗೆ ಮುಂಗಡ ಹಿಂದಿರುಗಿಸಿದೆ. ಹಳೆಯ ಜೀನು ಅಟ್ಟದ ಮೇಲಿದೆ. ಅಕ್ಕ ಅದನ್ನು ಯಾರಿಗೂ ಮಾರಗೊಡುವುದಿಲ್ಲ.