ಶಿವನಸಮುದ್ರದ ಕಲ್ಲುಸೇತುವೆ

ಬೆಂಗಳೂರಿನ ಉತ್ತರಕ್ಕೆ ಹುಣಸಮಾರನಹಳ್ಳಿಯನ್ನು ದಾಟಿ ದೇವನಹಳ್ಳಿಯ ಕಡೆಗೆ ಹೋಗುವ ವಾಚಕರು, ಹೊಲದಂಚಿನಲ್ಲಿ ಕಲ್ಲುಚಪ್ಪಡಿಗಳನ್ನು ನೆಟ್ಟು ಮಾಡಿದ ಬೇಲಿಯನ್ನು ಕಂಡಿರಬಹುದು. ಮರದ ಹಲಗೆಯಂತೆ ನೇರವಾಗಿ ಸೀಳಿದ ಆ ಕಲ್ಲುಗಳು ನಮಗೆ ಎಷ್ಟು ಪರಿಚಿತವೆಂದರೆ, ನಾವು ಅವುಗಳನ್ನು ಕಂಡೂ ಕಾಣದಂತೆ ಸಾಗಿಬಿಡುತ್ತೇವೆ. ಇಂಥ ಕಲ್ಲುಗಳನ್ನೇ ಕಂಬವಾಗಿಯೂ ತೊಲೆಯಾಗಿಯೂ ಜೋಡಿಸಿ, ಕಮಾನಿನ ಆಸರೆಯಿಲ್ಲದೆ ಕಾವೇರಿಯಂಥ ನದಿಗೆ ಸೇತುವೆ ಕಟ್ಟಬಹುದೆ? ಶಿವನಸಮುದ್ರದಲ್ಲಿ ಕಟ್ಟಿದ್ದಾರೆ.

ಮಳವಳ್ಳಿ ಮತ್ತು ಕೊಳ್ಳೇಗಾಲಗಳ ನಡುವೆ, ಗುಡ್ಡಗಾಡಿನ ಅಂಚಿನಲ್ಲಿ ಕಾವೇರಿಯು ಎರಡಾಗಿ ಕವಲೊಡೆದು ಒಂದು ದ್ವೀಪವನ್ನು ಬಳಸಿ ಹರಿಯುತ್ತದೆ. ಒಂದು ಕವಲು ಗಗನಚುಕ್ಕಿಯಲ್ಲಿಯೂ ಇನ್ನೊಂದು ಭರಚುಕ್ಕಿಯಲ್ಲಿಯೂ ಧುಮುಕುತ್ತವೆ. ಈ ದ್ವೀಪದಲ್ಲಿ ಗಂಗರಾಜನೆಂಬುವನು ಪಟ್ಟಣ ಕಟ್ಟಿದನೆಂದೂ, ಆ ವಂಶ ಮೂರೇ ತಲೆಮಾರು ಬಾಳಿತೆಂದೂ ಐತಿಹ್ಯವಿದೆ. 1800ರಲ್ಲಿ ಮೈಸೂರು ಸೀಮೆಗೆ ಬಂದ ಬುಕಾನನ್ ಎಂಬ ವೈದ್ಯ ಇದನ್ನು ಕೇಳಿ ಬರೆದಿಟ್ಟಿದ್ದಾನೆ.

ಕೊನೆಯ ಅರಸನಾದ ಎರಡನೆಯ ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ತವರಿನ ವೈಭವದ ಮುಂದೆ ಗಂಡನ ಮನೆ ಅವರಿಗೆ ಹಗುರವಾಗಿ ಕಂಡಿತು. ಅವಮಾನಗೊಂಡ ಅಳಿಯಂದಿರು ಒಟ್ಟುಗೂಡಿ ಮಾವನ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ಕಳೆದರೂ ನದಿಯನ್ನು ದಾಟಲಾಗಲಿಲ್ಲ. ಕಡೆಗೆ ಅರಸನ ದಳವಾಯಿಯೇ ಲಂಚಕ್ಕೆ ಒಲಿದು, ಕಾಲ್ನಡೆಯಲ್ಲಿ ದಾಟಬಹುದಾಗಿದ್ದ ಒಂದೇ ಒಂದು ಕಡವಿನ ಕಾವಲನ್ನು ತೆಗೆಸಿದನು. ತಾನು ಅರಸನೊಡನೆ ಚದುರಂಗಕ್ಕೆ ಕುಳಿತನು. ಹೊರಗೆ ಗದ್ದಲವೆದ್ದಾಗ, ಅದು ಮಕ್ಕಳ ಆಟದ ಕೂಗು ಎಂದನು. ಅರಸನು ಮೋಸವನ್ನರಿತು ಕತ್ತಿ ಹಿರಿದನು. ಅಂತಃಪುರದವರನ್ನು ತಾನೇ ಕೊಂದು, ಶತ್ರುಗಳ ನಡುವೆ ನುಗ್ಗಿ ಮಡಿದನು. ಇದನ್ನು ಕಂಡ ಅಳಿಯಂದಿರು ದಿಗ್ಭ್ರಾಂತರಾಗಿ ಗಗನಚುಕ್ಕಿಗೆ ಹಾರಿಕೊಂಡರು. ಅವರ ಹೆಂಡಿರೂ ಹಾಗೆಯೇ ಮಾಡಿದರಂತೆ.

ಹನ್ನೆರಡು ವರ್ಷದ ಲೆಕ್ಕವನ್ನು ನಾವು ಹಾಗೆಯೇ ಒಪ್ಪಬೇಕಾಗಿಲ್ಲ. ಪಾಂಡವರ ವನವಾಸದ ಕಾಲದಿಂದ ಆ ಸಂಖ್ಯೆ ಕಥೆಗಾರರ ಸ್ವತ್ತು. ಆದರೆ ದ್ವೀಪದ ಅಳಿವು-ಉಳಿವು ನದಿಯನ್ನು ದಾಟುವ ಹಾದಿಯಲ್ಲಿತ್ತು ಎಂಬ ಮಾತು ಕಥೆಯ ತಿರುಳು. ಅದು ನಿಜವೆಂದೇ ತೋರುತ್ತದೆ. ಪಟ್ಟಣ ಹಾಳಾಯಿತು, ಕಾಡು ಬೆಳೆಯಿತು. 19ನೆಯ ಶತಮಾನದ ಮೊದಲ ದಶಕಗಳಲ್ಲಿ, ಮೈಸೂರಿನ ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರರು ಇಲ್ಲಿ ಸೇತುವೆಗಳನ್ನು ಎತ್ತಿ ನಿಲ್ಲಿಸಿ, ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನು ಪಡೆದರು. ಆಗ ಕೊಳ್ಳೇಗಾಲ ಮದರಾಸಿನ ಆಡಳಿತದಲ್ಲಿದ್ದುದರಿಂದ, ಇವು ಎರಡು ಸೀಮೆಗಳನ್ನು ಕೂಡಿಸಿದುವು.

ಈ ವಿದ್ಯೆ ಹೊಸದಲ್ಲ. ಹಂಪೆಯ ವಿಠ್ಠಲ ದೇವಾಲಯದ ಸಮೀಪ ತುಂಗಭದ್ರೆಯಲ್ಲಿ ಇಂಥದೇ ಸೇತುವೆಯ ಕಂಬಗಳು ಸಾಲಾಗಿ ನಿಂತಿವೆ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯೂ ಇದೇ ಮಾದರಿಯದು.

ಬಂಡೆಯಿಂದ ಚಪ್ಪಡಿಯನ್ನು ಎಬ್ಬಿಸುವ ಬಗೆ ಸೊಗಸಾದುದು. ಬೆಂಗಳೂರಿನ ಸುತ್ತಲ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಿದ್ದರು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಣ್ಣನೆಯ ಕಲ್ಲು ಹಿಗ್ಗದು. ನಡುವೆ ಬಿರುಕು ಹರಿಯುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ದನಿ ಬಂದರೆ ಪದರ ಬಿಟ್ಟಿತೆಂದು ತಿಳಿಯುತ್ತಿದ್ದರು. ಬಳಿಕ ಉಳಿಯಿಂದ ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು, ಬೇಕಾದ ಅಗಲಕ್ಕೆ ಸೀಳಬಹುದು.

ಆದರೆ ಇಷ್ಟೊಂದು ಕಂಬಗಳೇಕೆ? ಎರಡು ಕಂಬಗಳ ಮೇಲೆ ಚಪ್ಪಡಿಯನ್ನಿಟ್ಟರೆ ಅದರ ಮೇಲುಮೈ ಒತ್ತಡಕ್ಕೂ ಕೆಳಮೈ ಎಳೆತಕ್ಕೂ ಒಳಗಾಗುತ್ತದೆ. ಕಲ್ಲು ಒತ್ತಡವನ್ನು ಧಾರಾಳವಾಗಿ ತಾಳುತ್ತದೆ. ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟು ತಾಳಿದರೆ ಹೆಚ್ಚು. ಕಂಬಗಳ ಅಂತರವನ್ನು ಇಮ್ಮಡಿ ಮಾಡಿದರೆ, ಚಪ್ಪಡಿಯ ಸ್ವಂತ ತೂಕದಿಂದಲೇ ಹುಟ್ಟುವ ಎಳೆತ ನಾಲ್ಮಡಿಯಾಗುತ್ತದೆ. ಆದ್ದರಿಂದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಲೇಬೇಕು. ಇಲ್ಲಿ ನದಿಯ ತಳವೇ ಬಂಡೆಯಾದುದರಿಂದ ಅಡಿಪಾಯ ಕೊಚ್ಚಿಹೋಗುವ ಭಯವೂ ಕಡಿಮೆ.

ಒತ್ತಾದ ಕಂಬಗಳಿಗೆ ಪ್ರವಾಹವೇ ಶತ್ರು. ನೀರಿಗೆ ದಾರಿ ಕಿರಿದಾಗುತ್ತದೆ, ತೇಲಿಬಂದ ಮರಗಳು ಸಿಕ್ಕಿಕೊಳ್ಳುತ್ತವೆ. ನೀರಿನ ವೇಗ ಇಮ್ಮಡಿಯಾದರೆ ಅದರ ತಳ್ಳುವ ಬಲ ನಾಲ್ಮಡಿ. ಇಷ್ಟು ಸಾಲದೆಂಬಂತೆ, ಮುಳುಗಿದ ಕಲ್ಲು ತನ್ನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ತೂಕದಿಂದಲೇ ಕುಳಿತ ತೊಲೆಗೆ ಇದು ಸಣ್ಣ ನಷ್ಟವಲ್ಲ.

2018ರ ಮಳೆಗಾಲದಲ್ಲಿ ಕೊಡಗು, ವಯನಾಡುಗಳಲ್ಲಿ ಅತಿವೃಷ್ಟಿಯಾಗಿ, ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ನೀರು ಒಟ್ಟಿಗೆ ಹರಿದುಬಂದಿತು. ಸತ್ತೇಗಾಲದ ಬಳಿ ಜನರು ವೆಸ್ಲಿ ಸೇತುವೆ ಎಂದು ಕರೆಯುವ ಕಲ್ಲುಸೇತುವೆಯ ಒಂದು ಭಾಗ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಎರಡು ಶತಮಾನಗಳ ಹತ್ತಿರ ಹತ್ತಿರ ಗಾಡಿಗಳ ಭಾರವನ್ನು ಹೊತ್ತ ಚಪ್ಪಡಿಗಳು ಅಂದು ನದಿಯ ಪಾಲಾದುವು.